ಸ್ನೋಮೊಬೈಲಿಗೆ ಉದ್ದ ಟ್ರ್ಯಾಕ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಉಪ್ಪಳ, ಪೆರ್ಲ ಕಡೆಯ ಹುಡುಗರು ಈಗ ಕೆನಡಾದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲ ಚಳಿಗಾಲ ನಡುಗುವುದರಲ್ಲೇ ಹೋಗುತ್ತದೆ. ಆಮೇಲೆ ಯಾರಾದರೂ ಒಬ್ಬ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತೆಗೆದುಕೊಳ್ಳುತ್ತಾನೆ, ಅದು ಮೆತ್ತಗಿನ ಹಿಮದಲ್ಲಿ ಹೂತುಹೋಗುತ್ತದೆ, ನನಗೆ ಫೋನ್ ಬರುತ್ತದೆ. ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡುವ ಗಾಡಿ: ಮುಂದೆ ಜಾರುವ ಎರಡು ಸ್ಕಿ, ಹಿಂದೆ ಚಕ್ರದ ಬದಲು ಸುತ್ತುತ್ತಾ ಗಾಡಿಯನ್ನು ತಳ್ಳುವ ರಬ್ಬರಿನ ಅಗಲ ಪಟ್ಟಿ, ಅದೇ ಟ್ರ್ಯಾಕ್. ನಾನು ಈಗ ಬದಿಯಡ್ಕದ ಹತ್ತಿರ ಟಿಲ್ಲರ್, ಪಂಪು, ಅಡಿಕೆಗೆ ಮದ್ದು ಬಿಡುವ ಮಿಷಿನ್ ರಿಪೇರಿ ಮಾಡಿಕೊಂಡಿದ್ದೇನೆ. ಮೊದಲು ಆಲ್ಬರ್ಟಾದಲ್ಲಿ ಸ್ನೋಮೊಬೈಲ್ ವರ್ಕ್‌ಶಾಪಿನಲ್ಲಿದ್ದೆ. ಅಲ್ಲಿ ರಾತ್ರಿ ಊಟ ಮುಗಿಸಿ ಕೂತವರಿಗೆ ಇಲ್ಲಿ ಬೆಳಗಿನ ಚಹಾದ ಹೊತ್ತು, ಹಾಗಾಗಿ ಒಂದೇ ಉತ್ತರವನ್ನು ಚಹಾ ಆರುವವರೆಗೆ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದು ಇಟ್ಟಿದ್ದೇನೆ, ಓದಿ ಆಮೇಲೆ ಫೋನ್ ಮಾಡಿ.

ಅಣ್ಣ, ಟ್ರ್ಯಾಕ್ ಉದ್ದ ಮಾಡಿದರೆ ನಿಜವಾಗಿ ಏನು ಲಾಭ?

ಹೂತುಹೋಗುವುದು ಕಡಿಮೆಯಾಗುತ್ತದೆ. ಕೆಸರುಗದ್ದೆಗೆ ಇಳಿಯುವ ಮೊದಲು ಟಿಲ್ಲರಿನ ಟಯರ್ ಬಿಚ್ಚಿ ಕಬ್ಬಿಣದ ಚಕ್ರ ಹಾಕುತ್ತೇವಲ್ಲ, ಇದೂ ಸುಮಾರಾಗಿ ಅದೇ ಕೆಲಸ. ಗಾಡಿಯ ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗಬೇಕು, ಹಿಡಿತವೂ ಬೇಕು. ಟ್ರೈಲ್ ಸ್ನೋಮೊಬೈಲ್ ಅಂದರೆ ಮಿಷಿನ್ ಓಡಿಸಿ ಗಟ್ಟಿ ಮಾಡಿದ ಹಿಮದ ದಾರಿಯಲ್ಲಿ ಹೋಗಲು ಮಾಡಿದ ಗಾಡಿ. ಅದರ ಟ್ರ್ಯಾಕ್ ಸಾಮಾನ್ಯವಾಗಿ 15 ಇಂಚು ಅಗಲ, ಉದ್ದ 121, 129 ಅಥವಾ 137 ಇಂಚು. ಬೆಟ್ಟದ ಗಾಡಿಗಳಲ್ಲಿ ಇದೇ 154, 163, 174 ಹೀಗೆ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾರೂ ವಿವರಿಸುವುದೇ ಬೇಡ.

ಇನ್ನೊಂದು ಲಾಭದ ಬಗ್ಗೆ ಯಾರೂ ಕೇಳುವುದಿಲ್ಲ. ಕುಳಿ ಬಿದ್ದ ದಾರಿಯಲ್ಲಿ ಉದ್ದ ಟ್ರ್ಯಾಕ್ ಕುಳಿಯೊಳಗೆ ಇಳಿಯದೆ ಮೇಲಿಂದಲೇ ದಾಟುತ್ತದೆ. ಸೊಂಟ ನೋವಿರುವವರು 121 ಬಿಟ್ಟು 136ಕ್ಕೆ ಹೋಗಲು ಇದೊಂದೇ ಕಾರಣ ಸಾಕು.

121 ಅಂದರೆ ಯಾವ ಅಳತೆ? ನೆಲಕ್ಕೆ ತಾಗುವ ಭಾಗವಾ?

ಅಲ್ಲ. ಟ್ರ್ಯಾಕ್ ಒಂದು ಸುತ್ತು ಬಂದಾಗ ಆಗುವ ಪೂರ್ತಿ ಉದ್ದ. ಬೆಲ್ಟನ್ನು ಕತ್ತರಿಸಿ ನೆಲದ ಮೇಲೆ ಹಾಸಿದರೆ 121 ಇಂಚು.

ಲೆಕ್ಕ ತಪ್ಪುವುದು ಇಲ್ಲೇ. 121 ತೆಗೆದು 136 ಹಾಕಿದರೆ ಟ್ರ್ಯಾಕ್ 15 ಇಂಚು ಜಾಸ್ತಿ, ಆದರೆ ಹಿಂದಿನ ಆ್ಯಕ್ಸಲ್ ಹಿಂದಕ್ಕೆ ಹೋಗುವುದು ಅದರ ಅರ್ಧ, ಏಳೂವರೆ ಇಂಚು. ಯಾಕೆಂದರೆ ಮೇಲೆ ಅರ್ಧ, ಕೆಳಗೆ ಅರ್ಧ. ನೆಲಕ್ಕೆ ಸಿಗುವುದು ಏಳೂವರೆ ಗುಣಿಸು 15, ಸುಮಾರು 112 ಚದರ ಇಂಚು ಹೆಚ್ಚುವರಿ ಜಾಗ. 144 ಹಾಕಿದರೆ ಆ್ಯಕ್ಸಲ್ ಹನ್ನೊಂದೂವರೆ ಇಂಚು ಹಿಂದಕ್ಕೆ, ಜಾಗ ಸುಮಾರು 172 ಚದರ ಇಂಚು. ಹಿಂದಿನ ದೊಡ್ಡ ಚಕ್ರಗಳನ್ನು ಇನ್ನೂ ದೊಡ್ಡದು ಮಾಡಿದರೆ ಸ್ವಲ್ಪ ಉದ್ದ ಅಲ್ಲೇ ಸುತ್ತಿಕೊಳ್ಳುತ್ತದೆ, ಆಗ ಆ್ಯಕ್ಸಲ್ ಅಷ್ಟು ಹಿಂದೆ ಹೋಗಬೇಕಾಗಿಲ್ಲ.

ನನ್ನ 121ಕ್ಕೆ ಎಷ್ಟು ಉದ್ದದ್ದು ಹಾಕಲಿ? 154 ಆಗುತ್ತದಾ?

ಆಗುವುದು ಎಲ್ಲವೂ ಆಗುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ 136 ಅಥವಾ 144ಕ್ಕೆ ನಿಲ್ಲಿಸಿ. 136 ಹಾಕಿದ ಗಾಡಿ ಟ್ರೈಲಿನಲ್ಲೂ ಚೆನ್ನಾಗಿ ಹೋಗುತ್ತದೆ, ದಾರಿ ಬಿಟ್ಟು ಪಕ್ಕದ ಬಯಲಿಗೆ ಇಳಿದರೂ ಮೇಲೆ ಬರುತ್ತದೆ. 144ರಲ್ಲಿ ಟ್ರೈಲ್ ಸ್ವಲ್ಪ ಬೇಜಾರು, ಹಿಮದಲ್ಲಿ ಖುಷಿ. ಅದರ ಆಚೆಗೆ ಹೋದರೆ ಟ್ರೈಲ್ ಗಾಡಿಯ ಅಗಲವಾದ ಮುಂಭಾಗ, ಸಸ್ಪೆನ್ಶನ್, ಕೂರುವ ಭಂಗಿ ಯಾವುದೂ ಆ ಟ್ರ್ಯಾಕಿಗೆ ಹೊಂದುವುದಿಲ್ಲ. ಬೆಟ್ಟದ ಗಾಡಿಯಲ್ಲಿ ಎರಡು ಸ್ಕಿಗಳ ನಡುವಿನ ಅಂತರ ಕಡಿಮೆ ಇರುತ್ತದೆ, ಗಾಡಿಯನ್ನು ಒಂದು ಬದಿಗೆ ವಾಲಿಸಿ ಇಳಿಜಾರಿಗೆ ಅಡ್ಡ ಹೋಗಲಿಕ್ಕೆ. ಟ್ರೈಲ್ ಗಾಡಿಯನ್ನು ಹಾಗೆ ವಾಲಿಸಲು ಹೋದರೆ ಅದು ನಿಮ್ಮ ಜೊತೆ ಕುಸ್ತಿಗೆ ಬರುತ್ತದೆ.

ಪಿಚ್ ಅಂತ ಒಂದು ನಂಬರ್ ಕೇಳುತ್ತಾರೆ ಅಂಗಡಿಯವರು. ಅದೇನು?

ಟ್ರ್ಯಾಕಿನ ಉದ್ದಕ್ಕೂ ಕಿಟಕಿಯ ಹಾಗೆ ತೂತುಗಳಿರುತ್ತವೆ. ಒಂದು ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿನವರೆಗೆ ಇರುವ ದೂರ ಪಿಚ್. ಹೆಚ್ಚಾಗಿ ಸಿಗುವುದು 2.52 ಇಂಚು, 2.86 ಇಂಚು, 3 ಇಂಚು. ಸ್ಕೀ-ಡೂ ಬ್ರ್ಯಾಂಡಿನ ಬೆಟ್ಟದ ಗಾಡಿಗಳಲ್ಲಿ 3.5 ಇಂಚಿನದೂ ಇದೆ. ಟ್ರ್ಯಾಕನ್ನು ಓಡಿಸುವ ಹಲ್ಲಿನ ಚಕ್ರ, ಅದನ್ನು ಡ್ರೈವರ್ ಅನ್ನುತ್ತಾರೆ, ಅದರ ಹಲ್ಲುಗಳ ದೂರ ಈ ಪಿಚ್‌ಗೆ ಸರಿಯಾಗಿರಬೇಕು. ಪಿಚ್ ಬೇರೆಯಾದರೆ ಡ್ರೈವರ್ ಬದಲಿಸದೆ ಗತಿಯಿಲ್ಲ. "ಸ್ವಲ್ಪ ಅಡ್ಜಸ್ಟ್ ಆಗಲ್ವಾ" ಅಂತ ಕೇಳಬೇಡಿ. ಆಗಲ್ಲ.

ಹಳೇ ಟ್ರ್ಯಾಕಿನ ಮೇಲೆ ನಂಬರ್ ಸವೆದುಹೋಗಿದ್ದರೆ ಚಾಕ್‌ಪೀಸಿನಲ್ಲಿ ಒಂದು ತೂತಿನ ನಡುವೆ ಗುರುತು ಹಾಕಿ, ಅಲ್ಲಿಂದ ಹತ್ತನೇ ತೂತಿನ ನಡುವಿನವರೆಗೆ ಟೇಪ್ ಹಿಡಿಯಿರಿ, ಗುರುತು ಹಾಕಿದ್ದನ್ನು ಸೊನ್ನೆ ಅಂತ ಎಣಿಸಿ. 25.2 ಇಂಚು ಬಂದರೆ ಪಿಚ್ 2.52. 28.6 ಬಂದರೆ 2.86. ಒಂದೇ ತೂತು ಅಳೆದರೆ ತಪ್ಪಾಗುತ್ತದೆ, ಹತ್ತು ಅಳೆದರೆ ತಪ್ಪುವುದಿಲ್ಲ. ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕಾದರೆ ಪಿಚ್ಚನ್ನು ತೂತುಗಳ ಲೆಕ್ಕದಿಂದ ಗುಣಿಸಿ. 2.52ರಲ್ಲಿ 48 ತೂತು ಇದ್ದರೆ 121, 54 ಇದ್ದರೆ 136, 57 ಇದ್ದರೆ 144. 2.86ರಲ್ಲಿ 48 ತೂತು 137 ಆಗುತ್ತದೆ. ನೋಡಿ, 136 ಮತ್ತು 137 ಬರೀ ಒಂದು ಇಂಚು ವ್ಯತ್ಯಾಸ ಅಂತ ಕಾಣುತ್ತದೆ, ಆದರೆ ಎರಡೂ ಬೇರೆ ಬೇರೆ ಪಿಚ್. ಆನ್‌ಲೈನಿನಲ್ಲಿ ಹಳೇ ಟ್ರ್ಯಾಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದವರು ಸಿಕ್ಕಿಬೀಳುವುದು ಇಲ್ಲಿ.

ಲಗ್ ಎತ್ತರ ಎಷ್ಟಿರಬೇಕು? ದೊಡ್ಡದಿದ್ದಷ್ಟೂ ಒಳ್ಳೇದಲ್ವಾ?

ಲಗ್ ಅಂದರೆ ಟ್ರ್ಯಾಕಿನ ಹೊರಗಡೆ ಎದ್ದು ನಿಂತಿರುವ ರಬ್ಬರಿನ ಹಲ್ಲು. ಟ್ರೈಲಿಗೆ 1ರಿಂದ 1.25 ಇಂಚು. ಎರಡೂ ಕಡೆ ಓಡಿಸುವವರಿಗೆ ಒಂದೂವರೆಯಿಂದ 2 ಇಂಚು. ಬೆಟ್ಟದ ಆಳ ಹಿಮಕ್ಕೆ ಎರಡೂಕಾಲಿನಿಂದ 3 ಇಂಚಿನವರೆಗೆ. ಎರಡೂವರೆ ಇಂಚಿನ ಮೆತ್ತಗಿನ ಲಗ್ ಇರುವ ಟ್ರ್ಯಾಕನ್ನು ಗಟ್ಟಿ ದಾರಿಯಲ್ಲಿ ವೇಗವಾಗಿ ಓಡಿಸಿದರೆ ಲಗ್ ಮಡಚಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಆಮೇಲೆ ತುಂಡು ತುಂಡಾಗಿ ಕಿತ್ತುಬರುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಜಾಗದ್ದು. ಟ್ರ್ಯಾಕ್ ಓಡುವುದು ಟನಲ್ ಒಳಗೆ, ಅಂದರೆ ಸೀಟಿನ ಕೆಳಗಿರುವ ಅಲ್ಯೂಮಿನಿಯಂ ಗೂಡು. ಆ ಟನಲಿನ ಮಾಡಿಗೆ, ಮುಂದಿನ ಗೋಡೆಗೆ ಎಂಜಿನ್ ನೀರು ತಣಿಸುವ ಕೂಲರ್ ಅಂಟಿಕೊಂಡಿರುತ್ತದೆ. ಎತ್ತರದ ಲಗ್ ಅದಕ್ಕೆ ತಾಗಿದರೆ ಕೂಲರ್ ತೂತು, ನೀರು ಖಾಲಿ, ಎಂಜಿನ್ ಹೋಯ್ತು. ಗಾಡಿ ನಿಂತಿರುವಾಗ ಬೆರಳು ತೂರುವಷ್ಟು ಸಂದು ಇದೆ ಅಂತ ಸಮಾಧಾನ ಪಡಬೇಡಿ. ವೇಗದಲ್ಲಿ ಟ್ರ್ಯಾಕ್ ಉಬ್ಬುತ್ತದೆ, ಮೇಲೆ ಐಸ್ ಕಟ್ಟುತ್ತದೆ. ಮುಂದಿನ ಕೂಲರ್, ಚೈನ್‌ಕೇಸಿನ (ಎಂಜಿನ್ ಶಕ್ತಿಯನ್ನು ಚೈನಿನ ಮೂಲಕ ಡ್ರೈವರಿಗೆ ಮುಟ್ಟಿಸುವ ಪೆಟ್ಟಿಗೆ) ಹತ್ತಿರದ ಬೋಲ್ಟ್ ತಲೆಗಳು, ಟನಲಿನ ಮೇಲ್ಭಾಗ, ಮೂರೂ ಕಡೆ ಟಾರ್ಚ್ ಬಿಟ್ಟು ನೋಡಿ.

ಜಾಗ ಮಾಡಲು ಎರಡು ದಾರಿ. ಐಸ್ ಹಿಡಿಯಲು ಟ್ರ್ಯಾಕಿಗೆ ಸ್ಟಡ್ ಅನ್ನುವ ಲೋಹದ ಮೊಳೆ ಹಾಕುವವರಿಗೆ ಅಂತ ಟನಲ್ ಒಳಗೆ ರಕ್ಷಣೆಯ ಪಟ್ಟಿ ಕೂರಿಸಿರುತ್ತಾರೆ, ಸ್ಟಡ್ ಇಲ್ಲದಿದ್ದರೆ ಅದನ್ನು ಬಿಚ್ಚಬಹುದು. ಇನ್ನೊಂದು, ಹಲ್ಲು ಕಡಿಮೆ ಇರುವ ಡ್ರೈವರ್ ಹಾಕುವುದು. 2.52 ಪಿಚ್‌ನಲ್ಲಿ 9 ಹಲ್ಲಿನದ್ದು ತೆಗೆದು 8 ಹಲ್ಲಿನದ್ದು ಹಾಕಿದರೆ ಸುತ್ತಲೂ 0.4 ಇಂಚು ಜಾಗ ಸಿಗುತ್ತದೆ. ಗೇರಿಂಗ್ ಕೂಡ ಅದರ ಜೊತೆಗೇ ಶೇಕಡಾ 11ರಷ್ಟು ಕೆಳಗಿಳಿಯುತ್ತದೆ, ಉದ್ದ ಟ್ರ್ಯಾಕಿಗೆ ಅದು ಬೇಕಾದದ್ದೇ. ಆದರೆ ಟ್ರ್ಯಾಕ್ ಇನ್ನೂ ಚಿಕ್ಕ ಚಕ್ರದ ಸುತ್ತ ಬಾಗಬೇಕು, ಅದಕ್ಕೆ ಸ್ವಲ್ಪ ಶಕ್ತಿ ಹೋಗುತ್ತದೆ. ಹಳೇ ಡ್ರೈವರುಗಳು ಶಾಫ್ಟಿನ ಮೇಲೆ ಒತ್ತಿ ಕೂರಿಸಿದವು, ಪ್ರೆಸ್ ಇಲ್ಲದೆ ಬಡಿದು ತೆಗೆಯಲು ಹೋಗಬೇಡಿ. ಬೇಕಾದ ಡ್ರೈವರ್ ಇರುವ ಶಾಫ್ಟನ್ನೇ ಗುಜರಿಯಿಂದ ತಂದರೆ ಕೆಲಸ ಸಲೀಸು.

ರೈಲಿಗೆ ಎಕ್ಸ್‌ಟೆನ್ಶನ್ ತುಂಡು ಸಿಕ್ಕಿಸಿದರೆ ಸಾಕಾ, ಇಡೀ ಸ್ಕಿಡ್ ಬದಲಿಸಬೇಕಾ?

ಸ್ಕಿಡ್ ಅಂದರೆ ಟ್ರ್ಯಾಕ್ ಒಳಗಿನ ಇಡೀ ಹಿಂದಿನ ಸಸ್ಪೆನ್ಶನ್: ಎರಡು ರೈಲು, ಚಕ್ರಗಳು, ತೋಳುಗಳು, ಶಾಕ್. 121ರಿಂದ 136ಕ್ಕೆ ಹೋಗುವಾಗ ಬೋಲ್ಟ್ ಹಾಕುವ ಎಕ್ಸ್‌ಟೆನ್ಶನ್ ನಡೆಯುತ್ತದೆ. ಬೇಕಾದಷ್ಟು ಗಾಡಿ ಹಾಗೇ ಓಡುತ್ತಿವೆ. ಹಳೇ ರೈಲಿನ ಮೇಲೆ ಎಕ್ಸ್‌ಟೆನ್ಶನ್ ಎಷ್ಟು ಉದ್ದಕ್ಕೆ ಹತ್ತಿ ಕೂರುತ್ತದೆ ಅಂತ ನೋಡಿ ತೆಗೆದುಕೊಳ್ಳಿ, ಗಿಡ್ಡದಿದ್ದರೆ ಜೋಡಿಸಿದ ಜಾಗದ ಮೊದಲ ಬೋಲ್ಟಿನ ತೂತಿನಲ್ಲೇ ರೈಲು ಬಿರುಕು ಬಿಡುತ್ತದೆ.

144 ಮತ್ತು ಅದಕ್ಕಿಂತ ಉದ್ದಕ್ಕೆ ನಾನು ಎಕ್ಸ್‌ಟೆನ್ಶನ್ ಹೇಳುವುದಿಲ್ಲ. ಹಿಂದಿನ ತೋಳು ಹಳೇ ಜಾಗದಲ್ಲೇ ಉಳಿದು ರೈಲಿನ ಬಾಲ ಮಾತ್ರ ಉದ್ದವಾದರೆ ಭಾರ ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದಿಲ್ಲ. ನಿಮ್ಮದೇ ಕಂಪನಿಯ, ನಿಮ್ಮದೇ ಚಾಸಿಯ ಉದ್ದ ಗಾಡಿಯಿಂದ ಬಿಚ್ಚಿದ ಪೂರ್ತಿ ಸ್ಕಿಡ್ ಹುಡುಕಿ. ಎಂಜಿನ್ ಸುಟ್ಟುಹೋಗಿ ಬಿಡಿಭಾಗಕ್ಕೆ ಮಾರುವ ಗಾಡಿಗಳು ಬೇಸಿಗೆಯಲ್ಲಿ ಸಿಗುತ್ತವೆ, ಆಗ ರೇಟೂ ಕಡಿಮೆ. ಡಿಸೆಂಬರಿನಲ್ಲಿ ಹುಡುಕಲು ಹೊರಟರೆ ಕೇಳಿದಷ್ಟು ಕೊಡಬೇಕು.

ಟನಲ್‌ಗೆ ಹೊಸ ತೂತು ಎಲ್ಲಿ ಕೊರೆಯುವುದು?

ಅವಸರ ಬೇಡ. ಡ್ರಿಲ್ ಕೈಗೆ ತಗೊಳ್ಳುವ ಮೊದಲು ಅರ್ಧ ದಿನ ಅಳೆಯಿರಿ.

ಅಳತೆ ಶುರುವಾಗಬೇಕಾದ್ದು ಡ್ರೈವರ್ ಕೂರಿಸಿದ ಡ್ರೈವ್ ಶಾಫ್ಟಿನ ನಡುಮಧ್ಯದಿಂದ. ಟನಲಿನ ಅಂಚಿನಿಂದ ಅಳೆಯಬೇಡಿ, ಹಿಂದಿನ ಬಂಪರಿನಿಂದ ಅಂತೂ ಬೇಡವೇ ಬೇಡ, ಒಮ್ಮೆ ಮರಕ್ಕೆ ಗುದ್ದಿದ ಗಾಡಿಯಲ್ಲಿ ಅವೆಲ್ಲ ವಾರೆಯಾಗಿರುತ್ತವೆ. ಸ್ಕಿಡ್ ಬಿಚ್ಚಿ ತಂದ ಗಾಡಿ ಇನ್ನೂ ಅಲ್ಲೇ ಇದ್ದರೆ ಶಾಫ್ಟಿನ ಮಧ್ಯದಿಂದ ಮುಂದಿನ ತೋಳಿನ ಬೋಲ್ಟಿಗೆ ಎಷ್ಟು, ಹಿಂದಿನ ತೋಳಿನ ಬೋಲ್ಟಿಗೆ ಎಷ್ಟು, ಟನಲಿನ ಮಾಡಿನಿಂದ ಎಷ್ಟು ಕೆಳಗೆ, ಎಲ್ಲ ಬರೆದುಕೊಂಡು ಬನ್ನಿ. ಫೋಟೋ ಸಾಲದು. ನಿಮ್ಮ ಟನಲಿಗೆ ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದು ಉದ್ದ ಸರಳನ್ನು ಅಡ್ಡಕ್ಕೆ ಹಿಡಿದು ಎರಡು ಗುರುತೂ ಎದುರುಬದುರು ಇವೆಯಾ ನೋಡಿ. ಮೊದಲು ಸಣ್ಣ ಬಿಟ್‌ನಲ್ಲಿ ಕೊರೆದು, ಸರಳು ತೂರಿಸಿ, ಮತ್ತೊಮ್ಮೆ ಅಳೆದು, ಆಮೇಲೆ ದೊಡ್ಡ ಬಿಟ್. ಒಂದು ಬದಿ 3 ಮಿಲಿಮೀಟರ್ ಹಿಂದೆ ಹೋದರೂ ಟ್ರ್ಯಾಕ್ ಒಂದು ಕಡೆಗೇ ಎಳೆಯುತ್ತಿರುತ್ತದೆ, ನೀವು ಹಿಂದಿನ ಬೋಲ್ಟ್ ತಿರುಗಿಸಿ ತಿರುಗಿಸಿ ಸುಸ್ತಾಗುತ್ತೀರಿ.

ಹೊಸ ತೂತಿನ ಸುತ್ತ ಒಳಗೂ ಹೊರಗೂ ಅಲ್ಯೂಮಿನಿಯಂ ಪ್ಲೇಟ್ ಇಟ್ಟು ರಿವೆಟ್ ಹೊಡೆಯಿರಿ. ತೆಳ್ಳಗಿನ ತಗಡು ಒಂದು ಜಂಪಿಗೇ ಹರಿಯುತ್ತದೆ.

ಟನಲ್ ಕೂಡ ಉದ್ದ ಮಾಡಬೇಕಾ?

136ಕ್ಕೆ ಹೆಚ್ಚಿನವರು ಮಾಡುವುದಿಲ್ಲ, ಉದ್ದದ ಸ್ನೋ ಫ್ಲ್ಯಾಪ್, ಅಂದರೆ ಹಿಂದೆ ನೇತಾಡುವ ಪರದೆ, ಹಾಕಿ ಬಿಡುತ್ತಾರೆ. 144ಕ್ಕೆ ಮಾಡಿ. ಫ್ಲ್ಯಾಪ್ ಬೇಡ ಅಂತ ಕಿತ್ತು ಬಿಸಾಡುವವರಿದ್ದಾರೆ, ಚಂದಕ್ಕೆ. ಆ ಫ್ಲ್ಯಾಪೇ ಹಿಮವನ್ನು ತಡೆದು ವಾಪಸ್ ಕೂಲರಿನ ಕಡೆ ಎಸೆಯುವುದು, ಹಿಂದೆ ಬರುವವರ ಮುಖಕ್ಕೆ ಐಸ್ ತುಂಡು ಹಾರದಂತೆ ನೋಡಿಕೊಳ್ಳುವುದೂ ಅದೇ. ಹಿಂದಿನ ದೀಪ ಮುಚ್ಚಿಹೋಗದಂತೆಯೂ ನೋಡಿ.

ಗೇರ್ ಬದಲಿಸದೆ ಓಡಿಸಿದರೆ ಏನಾಗುತ್ತದೆ?

ಓಡುತ್ತದೆ, ಆದರೆ ಎರಡು ಕ್ಲಚ್‌ಗಳ ನಡುವಿನ ಡ್ರೈವ್ ಬೆಲ್ಟ್ ಸುಡುತ್ತದೆ. ಉದ್ದದ, ಭಾರದ, ಎತ್ತರ ಲಗ್ಗಿನ ಟ್ರ್ಯಾಕ್ ತಿರುಗಿಸಲು ಎಂಜಿನ್ ಜಾಸ್ತಿ ಒದ್ದಾಡುತ್ತದೆ. ಚೈನ್‌ಕೇಸ್ ಒಳಗಿನ ಮೇಲಿನ ಸ್ಪ್ರಾಕೆಟ್ ಚಿಕ್ಕದು ಮಾಡುವುದು ಸುಲಭದ ದಾರಿ. ಉದಾಹರಣೆಗೆ ಮೇಲೆ 23, ಕೆಳಗೆ 40 ಹಲ್ಲು ಇದ್ದರೆ ಅನುಪಾತ 1.74. ಮೇಲಿನದ್ದು 21 ಮಾಡಿದರೆ 1.90. ಚೈನಿನ ಉದ್ದ ಹೊಂದುತ್ತದಾ, ಟೆನ್ಶನರ್ ಅಷ್ಟು ದೂರ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಚೈನೂ ಬೇರೆ ತರಬೇಕು. ಕೇಸ್ ಬಿಚ್ಚಿದ ಮೇಲೆ ಆಯಿಲ್ ಹೇಗೂ ಹೊಸದು.

ಆಮೇಲೆ ಕ್ಲಚ್. ಫುಲ್ ಥ್ರಾಟಲ್ ಕೊಟ್ಟಾಗ ಕಂಪನಿ ಹೇಳಿದ ಆರ್‌ಪಿಎಂ ಬರುತ್ತದಾ ನೋಡಿ. ಅದಕ್ಕಿಂತ ಕೆಳಗೇ ನಿಂತರೆ ಮುಂದಿನ ಕ್ಲಚ್ಚಿನ ತೂಕದ ತುಂಡುಗಳು ಹಗುರ ಆಗಬೇಕು, ಮೇಲೆ ಹೋದರೆ ಭಾರ ಆಗಬೇಕು. ಬೆಟ್ಟಕ್ಕೆ ಹೋಗುವವರಿಗೆ ಇನ್ನೊಂದು ವಿಷಯ: ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಊರ ಬಯಲಿನಲ್ಲಿ ಸೆಟ್ ಮಾಡಿದ ಕ್ಲಚ್ ರೆವೆಲ್‌ಸ್ಟೋಕಿನ ಬೆಟ್ಟದ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಟಾಪ್ ಸ್ಪೀಡ್ ಕಡಿಮೆಯಾಯಿತು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂತ ಆಮೇಲೆ ದೂರಬೇಡಿ, ಎರಡೂ ಆಗುವಂಥದ್ದೇ.

ಟ್ರ್ಯಾಕ್ ಎಷ್ಟು ಬಿಗಿ ಇರಬೇಕು?

ಪುಸ್ತಕದಲ್ಲಿ ಇರುವಷ್ಟು. ರೈಲಿನ ನಡುಭಾಗದಲ್ಲಿ ಟ್ರ್ಯಾಕಿಗೆ ತೂಕ ನೇತುಹಾಕಿ ಎಷ್ಟು ಜೋಲುತ್ತದೆ ಅಂತ ಅಳೆಯುವುದು ಕ್ರಮ. ಕೆಲವು ಕಂಪನಿಯವರು 10 ಪೌಂಡ್ ತೂಕ ಹೇಳುತ್ತಾರೆ, ಕೆಲವರು 16, ಹಾಗಾಗಿ ಗೆಳೆಯನ ಗಾಡಿಯ ಲೆಕ್ಕ ನಿಮ್ಮದಕ್ಕೆ ಬೇಡ. ತೀರಾ ಬಿಗಿ ಆದರೆ ರೈಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಬೇಗ ಸವೆಯುತ್ತದೆ, ಸಡಿಲ ಆದರೆ ಡ್ರೈವರಿನ ಹಲ್ಲು ಜಾರಿ ಟಕ್ ಟಕ್ ಸದ್ದು ಬರುತ್ತದೆ. ಹೊಸ ಟ್ರ್ಯಾಕ್ ಸ್ವಲ್ಪ ಎಳೆದುಕೊಳ್ಳುತ್ತದೆ, ಮೊದಲ ಒಂದೆರಡು ಸವಾರಿ ಆದ ಮೇಲೆ ಮತ್ತೆ ಅಳೆಯಿರಿ.

ನೇರ ಮಾಡಲು ಗಾಡಿಯ ಹಿಂಭಾಗ ಗಟ್ಟಿ ಸ್ಟ್ಯಾಂಡಿನ ಮೇಲೆ ಎತ್ತಿ, ನಿಧಾನಕ್ಕೆ ತಿರುಗಿಸಿ, ನಿಲ್ಲಿಸಿ, ಹಿಂದೆ ರೈಲಿಗೂ ಟ್ರ್ಯಾಕಿನ ಒಳಗಿನ ಕಬ್ಬಿಣದ ಕ್ಲಿಪ್ಪುಗಳಿಗೂ ಎರಡೂ ಬದಿ ಒಂದೇ ಸಂದು ಇದೆಯಾ ನೋಡಿ. ಸಂದು ಯಾವ ಬದಿ ಕಡಿಮೆಯೋ ಹಿಂದಿನ ಆ್ಯಕ್ಸಲಿನಲ್ಲಿ ಆ ಬದಿಯ ಬೋಲ್ಟ್ ಸ್ವಲ್ಪ ಬಿಗಿ, ಕಾಲು ಸುತ್ತು ಸಾಕು. ಟ್ರ್ಯಾಕ್ ತಿರುಗುವಾಗ ಹಿಂದೆ ಯಾರೂ ನಿಲ್ಲಬಾರದು. ಕಲ್ಲು, ಐಸ್, ಸ್ಟಡ್ ಏನು ಬೇಕಾದರೂ ಗುಂಡಿನ ವೇಗದಲ್ಲಿ ಬರುತ್ತದೆ. ವಿಡಿಯೋ ಮಾಡಲು ಹಿಂದೆ ಕೂರುವ ತಮ್ಮಂದಿರೇ, ಇದು ನಿಮಗೇ ಹೇಳಿದ್ದು.

ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದೆ. ಎಂಜಿನ್ ಹೋಯ್ತಾ?

ಎಂಜಿನ್ ಅಲ್ಲ, ರೈಲಿನ ಕೆಳಗಿನ ಆ ಪ್ಲಾಸ್ಟಿಕ್ ಪಟ್ಟಿ. ಹೈಫ್ಯಾಕ್ಸ್ ಅನ್ನುತ್ತಾರೆ. ಅದನ್ನು ತಣ್ಣಗಿಟ್ಟು ಜಾರುವಂತೆ ಮಾಡುವುದು ಹಿಮ. ಗಟ್ಟಿ ಐಸ್ ದಾರಿಯಲ್ಲಿ ಹಿಮದ ಪುಡಿ ಏಳುವುದಿಲ್ಲ, ಕ್ಲಿಪ್ಪುಗಳು ಒಣ ಪಟ್ಟಿಯ ಮೇಲೆ ಉಜ್ಜಿ ಅದನ್ನು ಕರಗಿಸುತ್ತವೆ. ಗಾಡಿ ನಿಲ್ಲಿಸಿ ಬಗ್ಗಿ ನೋಡಿದರೆ ಪಟ್ಟಿಯ ಅಂಚಿನಲ್ಲಿ ಕರಗಿ ಇಳಿದು ಗಟ್ಟಿಯಾದ ಪ್ಲಾಸ್ಟಿಕ್ ಕಾಣಿಸುತ್ತದೆ. ರೈಲಿಗೆ ಸ್ಕ್ರಾಚರ್ ಅಂತ ಸ್ಪ್ರಿಂಗ್ ತಂತಿ ಸಿಗುತ್ತದೆ, ಅದು ಐಸನ್ನು ಕೆರೆದು ಪುಡಿ ಮೇಲಕ್ಕೆ ಹಾರಿಸುತ್ತದೆ, ಎಂಜಿನ್ ಕೂಲರಿಗೂ ಅದೇ ಪುಡಿ ಬೇಕು. ಉದ್ದ ಟ್ರ್ಯಾಕ್ ಹಾಕಿದವರು ಇದನ್ನು ಹಾಕಲೇಬೇಕು. ರೈಲಿನ ಉದ್ದಕ್ಕೆ ಇನ್ನೊಂದೆರಡು ಚಕ್ರ ಸೇರಿಸಿದರೂ ಉಪಕಾರ.

ಈಗ ತಿರುವಿನಲ್ಲಿ ಗಾಡಿ ತಿರುಗುವುದೇ ಇಲ್ಲ, ನೇರ ಹೋಗುತ್ತದೆ!

ಹೋಗುತ್ತದೆ, ಹಿಂದೆ ಟ್ರ್ಯಾಕ್ ಉದ್ದವಾದ ಮೇಲೆ ಅದು ಮುಂದಿನ ಸ್ಕಿಗಳನ್ನು ತಳ್ಳುತ್ತದೆ. ಸ್ಕಿಡ್ಡಿನ ಮುಂದಿನ ತೋಳಿನಲ್ಲಿರುವ ಲಿಮಿಟರ್ ಪಟ್ಟಿಯನ್ನು ಒಂದು ತೂತು ಗಿಡ್ಡ ಮಾಡಿದರೆ ಸ್ಕಿ ಮೇಲೆ ಭಾರ ಬೀಳುತ್ತದೆ. ಸಾಲದಿದ್ದರೆ ಕೀಲ್ ಅಂದರೆ ಅಡಿಯ ಏಣು ಆಳವಿರುವ ಸ್ಕಿ, ಸ್ಕಿಯ ಅಡಿಗೆ ಹಿಡಿತ ಕೊಡುವ ಹೊಸ ಕಾರ್ಬೈಡ್ ಪಟ್ಟಿ. ಉಳಿದದ್ದು ನಿಮ್ಮ ಅಭ್ಯಾಸ, ತಿರುವಿಗೆ ಮೊದಲೇ ವೇಗ ಇಳಿಸಿ.

ಸ್ಟಡ್ ಹೊಡೆಸಬಹುದಾ?

ಒಂದೇ ಪದರದ ಟ್ರ್ಯಾಕಿಗೆ ಬೇಡ, ಹರಿದುಹೋಗುತ್ತದೆ. ಬೆಟ್ಟದ ಹಗುರ ಟ್ರ್ಯಾಕುಗಳು ಹೆಚ್ಚಾಗಿ ಒಂದೇ ಪದರದವು.

ಖರ್ಚು ಎಷ್ಟು? ಇದರ ಬದಲು ಉದ್ದದ್ದೇ ಗಾಡಿ ಕೊಂಡರೆ?

ಕೊನೆಗೂ ಸರಿಯಾದ ಪ್ರಶ್ನೆ. ಟ್ರ್ಯಾಕಿನ ಬೆಲೆ ನೋಡಿ ಹೊರಡುತ್ತಾರೆ, ಆಮೇಲೆ ರೈಲು, ಚಕ್ರ, ಡ್ರೈವರ್, ಸ್ಪ್ರಾಕೆಟ್, ಚೈನ್, ಕ್ಲಚ್ ತುಂಡು, ಫ್ಲ್ಯಾಪ್, ಬೇರಿಂಗ್ ಒಂದೊಂದೇ ಸೇರುತ್ತವೆ. ಇದನ್ನೆಲ್ಲ ಕೈಯಿಂದ ಮಾಡಲು ಬರುವವರಿಗೆ, ಎಂಜಿನ್ ಗಟ್ಟಿ ಇರುವ ಹಳೇ 121 ಕೈಯಲ್ಲಿರುವವರಿಗೆ 136 ಹಾಕುವುದು ಲಾಭ. ಕೂಲಿ ಕೊಟ್ಟು ಮಾಡಿಸುವವರು ಹಳೇದನ್ನು ಮಾರಿ 137 ಅಥವಾ 146 ಇರುವ ಕ್ರಾಸ್‌ಓವರ್ ಗಾಡಿ, ಅಂದರೆ ಟ್ರೈಲಿಗೂ ಮೆತ್ತಗಿನ ಹಿಮಕ್ಕೂ ಆಗುವಂಥದ್ದು, ಕೊಳ್ಳಿ. ವಾರಂಟಿ ಇನ್ನೂ ಇರುವ ಗಾಡಿಗೆ ಕೈ ಹಾಕಲೇಬೇಡಿ, ಇನ್ಶೂರೆನ್ಸಿನವರಿಗೂ ಮಾರ್ಪಾಡು ಮಾಡಿದ್ದನ್ನು ಹೇಳಿಬಿಡಿ.

ಉದ್ದ ಟ್ರ್ಯಾಕ್ ಆದ ಮೇಲೆ ಬೆಟ್ಟ ಹತ್ತಬಹುದಲ್ಲ?

ಹತ್ತಬಹುದು, ಅದೇ ಹೆದರಿಕೆ. ಮೊದಲು ಗಾಡಿ ಹೂತುಹೋಗುತ್ತಿದ್ದುದರಿಂದ ನೀವು ಅಪಾಯದ ಇಳಿಜಾರಿನ ಹತ್ತಿರ ಹೋಗುತ್ತಿರಲಿಲ್ಲ, ಈಗ ಹೋಗುತ್ತೀರಿ. ಹಿಮಕುಸಿತಕ್ಕೆ ನಿಮ್ಮ ಟ್ರ್ಯಾಕ್ ಎಷ್ಟು ಇಂಚು ಅಂತ ಗೊತ್ತಾಗುವುದಿಲ್ಲ. ಅವಲಾಂಚ್ ಕೆನಡಾದವರು ಹಾಕುವ ಮುನ್ಸೂಚನೆ ಓದದೆ ಹೊರಡಬೇಡಿ. ಟ್ರಾನ್ಸೀವರ್ (ಹೂತವರನ್ನು ಹುಡುಕುವ ರೇಡಿಯೋ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಮೈಮೇಲೇ ಇರಬೇಕು, ಗಾಡಿಗೆ ಕಟ್ಟಿಟ್ಟರೆ ಗಾಡಿಯ ಜೊತೆಗೇ ಹೂತುಹೋಗುತ್ತವೆ. ಬಳಸಲು ತರಬೇತಿಯೂ ಬೇಕು. ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಸಿಕ್ಕಿಹಾಕಿಕೊಂಡವನಿಗೆ ಸಹಾಯ ಮಾಡಲು ಎರಡನೆಯವನು ಮೇಲೆ ಹೋಗುತ್ತಾನಲ್ಲ, ಅದು ಬೇಡ, ಕೆಳಗೆ ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು.

ಈ ಟ್ರ್ಯಾಕ್ ಕಂಡುಹಿಡಿದದ್ದು ಯಾರು?

ಹಲವರು ಪ್ರಯತ್ನಿಸಿದ್ದರು. ನಡೆಯುವಂತೆ ಮಾಡಿದವರಲ್ಲಿ ದೊಡ್ಡ ಹೆಸರು ಕ್ವಿಬೆಕ್‌ನ ವಾಲ್ಕೂರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್. 1934ರ ಚಳಿಗಾಲದಲ್ಲಿ ಹಿಮದಿಂದ ದಾರಿ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗದೆ ಅವರ ಪುಟ್ಟ ಮಗ ತೀರಿಹೋದ. 1937ರಲ್ಲಿ ಹಲ್ಲಿನ ಚಕ್ರ ಮತ್ತು ರಬ್ಬರ್ ಟ್ರ್ಯಾಕಿನ ಅವರ ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು. ಅವರ ಕಂಪನಿಯ ಸ್ಕೀ-ಡೂ ಸ್ನೋಮೊಬೈಲ್ ಬಂದದ್ದು 1959ರಲ್ಲಿ.

ಒಂದು ಗಾಡಿ ಊರಿಗೆ ತಂದರೆ ಪೊಸಡಿಗುಂಪೆ ಗುಡ್ಡ ಹತ್ತಿಸಬಹುದಾ ಮಾವ?

ಈ ಪ್ರಶ್ನೆ ಕೇಳದ ಅಳಿಯಂದಿರಿಲ್ಲ. ಹೈಫ್ಯಾಕ್ಸ್ ಬಗ್ಗೆ ಮೇಲೆ ಬರೆದದ್ದನ್ನು ಓದಿ. ಮುರಕಲ್ಲಿನ ಮೇಲೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಟ್ಟಿ ಕರಗುತ್ತದೆ, ಎಂಜಿನ್ ಕುದಿಯುತ್ತದೆ. ಹಾಗಂತ ಹಿಮವೇ ಬೇಕು ಅಂತಲೂ ಇಲ್ಲ, ಅಮೆರಿಕದ ವಿಸ್ಕಾನ್ಸಿನ್‌ನ ಗ್ರಾಂಟ್ಸ್‌ಬರ್ಗಿನಲ್ಲಿ 1977ರಿಂದ ನೀರಿನ ಮೇಲೆ ಸ್ನೋಮೊಬೈಲ್ ರೇಸ್ ನಡೆಸುತ್ತಾರೆ. ವೇಗ ಇರುವವರೆಗೆ ತೇಲುತ್ತದೆ, ಥ್ರಾಟಲ್ ಬಿಟ್ಟರೆ ಮುಳುಗುತ್ತದೆ. ನೋಡಲೇಬೇಕು ಅಂತಿದ್ದರೆ ಗುಲ್ಮಾರ್ಗಿಗೆ ಹೋಗಿ, ಅಲ್ಲಿ ಹಣ ಕೊಟ್ಟರೆ ಕೂರಿಸಿಕೊಂಡು ಹೋಗುತ್ತಾರೆ.

ಬಿಚ್ಚಿದ ಹಳೇ ಟ್ರ್ಯಾಕ್ ಏನು ಮಾಡಲಿ? ಬೇಸಿಗೆಯಲ್ಲಿ ಹೊಸದನ್ನು ಹೇಗೆ ಇಡಲಿ?

ಹಳೇ ಟ್ರ್ಯಾಕನ್ನು ಸ್ಕಿಡ್ ಸಮೇತ ಮಾರಿ, ಬಿಡಿಬಿಡಿಯಾಗಿ ಮಾರಿದರೆ ಟ್ರ್ಯಾಕ್ ಹೋಗಿ ರೈಲು ಶೆಡ್ಡಿನಲ್ಲೇ ಉಳಿಯುತ್ತದೆ. ಹಿಂದಿನ ಚಕ್ರಗಳ ಬೇರಿಂಗ್ ಚೆನ್ನಾಗಿದ್ದರೆ ಒಂದೆರಡು ಮಾತ್ರ ಇಟ್ಟುಕೊಳ್ಳಿ. ಸೀಸನ್ ಮುಗಿದ ಮೇಲೆ ಗಾಡಿಯ ಹಿಂಭಾಗ ಎತ್ತಿ ಟ್ರ್ಯಾಕ್ ನೆಲದಿಂದ ಬಿಡಿಸಿ, ಟ್ರ್ಯಾಕ್ ಬಿಗಿ ಮಾಡುವ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಬೇರಿಂಗಿಗೆ ಗ್ರೀಸ್ ಹೊಡೆದು, ಬಿಸಿಲು ಬೀಳದ ಕಡೆ ಇಡಿ. ಎಂಜಿನ್ ಗಾಳಿ ಎಳೆದುಕೊಳ್ಳುವ ಏರ್ ಬಾಕ್ಸಿನಲ್ಲಿ ಇಲಿ ಗೂಡು ಕಟ್ಟುತ್ತದೆ, ಅದರ ಬಾಯಿ ಮುಚ್ಚಿ. ಚಳಿಗಾಲದಲ್ಲಿ ಸ್ಟಾರ್ಟ್ ಮಾಡುವ ಮೊದಲು ಮುಚ್ಚಿದ ಬಟ್ಟೆ ತೆಗೆಯಿರಿ, ಬೋಲ್ಟ್ ಮತ್ತೆ ಅಳತೆಗೆ ಬಿಗಿ ಮಾಡಿ.